ಒಡೆದ ಎದೆಯ ದುಭಾಷಿ

ದುಭಾಷಿ ಅಣ್ಣಾರು ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಮೂರು ದಿನ ತಡವಾಗಿ, ಹುಕ್ಕೇರಿಯ ಸಂತೆಯಲ್ಲಿ. ಮೂಡಲಗಿಯಿಂದ ಬೆಲ್ಲ ತಂದಿದ್ದ ವ್ಯಾಪಾರಿಯೊಬ್ಬರು ಹೇಳಿದರು. ತೀರಿಕೊಳ್ಳುವ ಹಿಂದಿನ ದಿನದ ತನಕ ಹಾಸಿಗೆ ಬಿಟ್ಟೆದ್ದು ಪೇಟೆಯ ಕಟ್ಟೆಗೆ ಬಂದು ಕೂತಿದ್ದರಂತೆ. ಒಬ್ಬ ರೈತನ ಅರ್ಜಿಯಲ್ಲಿ ಒಂದು ಶಬ್ದ ಸರಿಬರಲಿಲ್ಲವೆಂದು ಆ ಮನುಷ್ಯನನ್ನು ಎರಡು ತಾಸು ಕೂರಿಸಿಕೊಂಡು ಜಗಳಾಡಿದ್ದರಂತೆ. ವ್ಯಾಪಾರಿ ಇದನ್ನು ದೂರಿನ ಹಾಗೆ ಹೇಳಿದರು. ನನಗೆ ಅದು ದೂರಿನ ಹಾಗೆ ಕೇಳಲಿಲ್ಲ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಕಚೇರಿಯಲ್ಲಿ ಯಾರೂ ಅವರ ಹೆಸರು ಹಿಡಿದು ಕರೆಯುತ್ತಲೂ ಇರಲಿಲ್ಲ. ಮೇಲಿನವರಿಗೆ ಅವರು ಬರೀ ದುಭಾಷಿ. ನಮ್ಮಂಥ ಕಾರಕೂನರಿಗೆ ಅಣ್ಣಾರು. ಮೂಡಲಗಿ ಕಡೆಯ ಹಳ್ಳಿಯೊಂದರ ಜೈನ ಒಕ್ಕಲು ಮನೆತನದವರು. ಮನೆಯಲ್ಲಿ ಕನ್ನಡ, ಕೊಲ್ಲಾಪುರ ಕಡೆಯ ಬೀಗರೊಂದಿಗೆ ಮರಾಠಿ. ಉರ್ದುವನ್ನು ಗೋಕಾಕದಲ್ಲಿ ಅತ್ತರು ಮಾರುವ ಮುದುಕನೊಬ್ಬನಿಂದ ಕಲಿತಿದ್ದರು, ಇಂಗ್ಲಿಷನ್ನು ರಟ್ಟು ಹರಿದ ನಿಘಂಟೊಂದರಿಂದ. ಕಚೇರಿಯಲ್ಲಿ ಅವರ ಕೆಲಸ ಇಷ್ಟೇ: ಸಾಕ್ಷಿ ಕನ್ನಡದಲ್ಲಿ ಆಡಿದ್ದನ್ನು ಸಾಹೇಬರ ಕಿವಿಗೆ ಮುಟ್ಟಿಸುವುದು, ಸಾಹೇಬರು ಕೇಳಿದ್ದನ್ನು ಸಾಕ್ಷಿಯ ಕಿವಿಗೆ ಮುಟ್ಟಿಸುವುದು. ಇಂಥ ಕೆಲಸ ಮಾಡುವವರು ಸಾಮಾನ್ಯವಾಗಿ ಗೋಡೆಯ ಹಾಗೆ ಇರುತ್ತಾರೆ. ಅಣ್ಣಾರು ಗೋಡೆಯಾಗಲು ಒಪ್ಪಿದವರಲ್ಲ.

ನಾನು ಅವರನ್ನು ಮೊದಲು ಕಂಡದ್ದು ಗೋಕಾಕದ ಕೋರ್ಟಿನಲ್ಲಿ. ಇಬ್ಬರು ರೈತರ ನಡುವೆ ಗಡಿಯ ತಕರಾರು. ‘ಹಳ್ಳದ ನಡು ನಮ್ಮ ಗಡಿ’ ಎಂದು ಇಬ್ಬರೂ ಒಪ್ಪಿದ್ದರು. ಮೋಜಣಿಯವನು ಎರಡು ದಂಡೆಗಳ ನಡುವೆ ಸರಪಳಿ ಎಳೆದು, ಅರ್ಧಕ್ಕೆ ಗೂಟ ಹೊಡೆದು ಬಂದಿದ್ದ. ಕೋರ್ಟಿನ ಕಾಗದದಲ್ಲಿ ‘ಮಧ್ಯ’ ಎಂದು ಬರೆದಾಗಿತ್ತು. ಅಣ್ಣಾರು ಎದ್ದು ನಿಂತು, ಈ ರೈತರು ನಡು ಎಂದದ್ದು ಸರಪಳಿಯ ನಡುವಲ್ಲ, ಬೇಸಿಗೆಯಲ್ಲೂ ನೀರು ನಿಲ್ಲುವ ಆಳದ ಸಾಲು, ಅದು ಎಡದಂಡೆಗೆ ಹತ್ತಿರ ಇದೆ ಎಂದರು. ನ್ಯಾಯಾಧೀಶರು, ನಿಮ್ಮನ್ನು ಯಾರು ಕೇಳಿದರು ಎಂದರು. ಯಾರೂ ಕೇಳಿಲ್ಲ, ಆದರೆ ಶಬ್ದ ನನ್ನ ಬಾಯಿಂದ ದಾಟಿ ಹೋಗಬೇಕು, ತಪ್ಪಾಗಿ ದಾಟಿದರೆ ಪಾಪ ನನ್ನದು ಎಂದು ಇವರು. ರೈತರಿಬ್ಬರೂ ಒಟ್ಟಿಗೇ ತಲೆಯಾಡಿಸಿದರು. ಗೂಟ ಕಿತ್ತು ಬೇರೆ ಕಡೆ ಹೊಡೆಯಬೇಕಾಯಿತು.

ಅಂದು ಸಂಜೆ ಹೊರಗೆ ಬರುವಾಗ ನಾನು, ಅಷ್ಟು ನೆಟ್ಟಗೆ ನಿಂತು ಮಾತಾಡಬಾರದಿತ್ತು ಎಂದು ಹಿರಿಯರಿಗೆ ಬುದ್ಧಿ ಹೇಳುವ ಹಾಗೆ ಅಂದೆ. ಅವರು ಸೊಂಟ ತಟ್ಟಿಕೊಂಡರು.

"ತಮ್ಮಾ, ನಮ್ಮ ಮಾತಿನಾಗ ಮನಶ್ಯಾನ ನಡು ಇಲ್ಲೇ ಐತಿ. ಬಗ್ಗಿದ್ರ ಇಲ್ಲೇ ಬಗ್ಗಬೇಕು. ಅದಕ್ಕ ನಾ ಇದನ್ನ ಜ್ವಾಕಿ ಮಾಡತೇನಿ."

ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲವೆಂಬುದು ಅವರ ಮನೆತನದ ವ್ರತ. ಒಮ್ಮೆ ವಿಚಾರಣೆ ಎಳೆದು ಎಳೆದು ಸಂಜೆಯಾಯಿತು. ವಕೀಲರು ಮುಗಿಸುವ ಲಕ್ಷಣವಿರಲಿಲ್ಲ. ಅಣ್ಣಾರು ಕಿಟಕಿಯ ಬೆಳಕು ನೋಡಿ, ಈಗ ಉಣ್ಣದಿದ್ದರೆ ನಾಳೆ ಮುಂಜಾನೆಯ ತನಕ ನನಗೆ ಉಪವಾಸ, ಹಸಿದ ಹೊಟ್ಟೆಯಿಂದ ಮಾಡಿದ ಭಾಷಾಂತರಕ್ಕೆ ನಾನು ಜವಾಬ್ದಾರನಲ್ಲ ಎಂದು ತಿಳಿಸಿ ಕೂತುಬಿಟ್ಟರು. ಕೋರ್ಟು ಎದ್ದಿತು. ಅವರು ಹಿತ್ತಲ ಕಟ್ಟೆಯ ಮೇಲೆ ಬುತ್ತಿ ಬಿಚ್ಚಿ, ರೊಟ್ಟಿ ಪಲ್ಯವನ್ನು ಅವಸರವಿಲ್ಲದೆ ಉಂಡರು.

ವ್ರತದ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟಿನವರು ಸ್ವಂತ ಸಮಾಜದವರ ಸಿಟ್ಟಿಗೂ ಗುರಿಯಾಗಿದ್ದರು. ಹುಕ್ಕೇರಿ ಸಂತೆಯಲ್ಲಿ ಮಾಂಸದ ಅಂಗಡಿಯ ಮುಂದೆ ನಿಂತು ಮಾತಾಡಿದ್ದನ್ನು ಯಾರೋ ನೋಡಿದ್ದರು. ಬಸದಿಯ ಹಿರಿಯರು ಕರೆಸಿ ಕೇಳಿದರು. ವಿಷಯ ಏನೆಂದರೆ, ಒಂದು ಕಾಗದದಲ್ಲಿ ‘ಕಾಳೀಜ’ ಎಂಬ ಮರಾಠಿ ಶಬ್ದ ಬಂದಿತ್ತು. ಅದನ್ನು ಎದೆ ಎನ್ನಬೇಕೋ ಗುಂಡಿಗೆ ಎನ್ನಬೇಕೋ ಇವರಿಗೆ ಅನುಮಾನ. ಅಂಗಡಿಯವನು ನಕ್ಕು, ನಮ್ಮಲ್ಲಿ ಕಲೇಜಿ ಎಂದರೆ ಗುಂಡಿಗೆಯೇ ಅಲ್ಲ, ಯಕೃತ್ತು ಎಂದು ಬೆರಳಿಟ್ಟು ತೋರಿಸಿದ್ದ. ಒಬ್ಬರ ಪ್ರೀತಿ ಗುಂಡಿಗೆಯಲ್ಲಿ, ಇನ್ನೊಬ್ಬರದು ಯಕೃತ್ತಿನಲ್ಲಿ, ನಮ್ಮ ತಾಯಂದಿರದು ಕರುಳಿನಲ್ಲಿ ಎಂದು ಅಣ್ಣಾರಿಗೆ ಆ ದಿನವೆಲ್ಲ ಖುಷಿಯೋ ಖುಷಿ. ನಾವು ದಿನಾ ಅನ್ನುವ ‘ಕಾಳಜಿ’ ಕೂಡ ಆ ಕಾಳೀಜದ ಮಗಳೇ ಎಂದು ನನಗೆ ಹೇಳಿದ್ದರು. ಹಿರಿಯರು ಪ್ರಾಯಶ್ಚಿತ್ತ ಮಾಡಿಕೊ ಎಂದಾಗ ಅವರು ಕೊಟ್ಟ ಉತ್ತರ ಊರೆಲ್ಲ ಹರಡಿತು: "ಕೊಂದಾಂವ ನಾ ಅಲ್ಲ, ತಿಂದಾಂವ ನಾ ಅಲ್ಲ. ಕೇಳೇನಿ ಅಷ್ಟ. ಕೇಳಾಕ ಯಾವ ವ್ರತ ಅಡ್ಡ ಬರತೈತ್ರಿ?"

ಪ್ರಾಯಶ್ಚಿತ್ತ ಮಾಡಿಕೊಳ್ಳಲಿಲ್ಲ.

ಈಗ ಹೇಳಬೇಕಾದದ್ದನ್ನು ಹೇಳುತ್ತೇನೆ. ಮೊದಲನೆಯ ಮಹಾಯುದ್ಧ ಮುಗಿದು ಕೆಲವು ವರ್ಷಗಳಾಗಿದ್ದವು. ನನ್ನನ್ನು ಹುಕ್ಕೇರಿಯ ಕಚೇರಿಗೆ ಹಾಕಿದ್ದರು. ಅಣ್ಣಾರೂ ಅಲ್ಲಿಗೆ ಬಂದಿದ್ದರು. ಘೋಡಗೇರಿ ಕಡೆಯ ಹಳ್ಳಿಯೊಂದರಲ್ಲಿ ಒಬ್ಬ ಮುದುಕ ಸತ್ತ. ಮನೆಯಲ್ಲಿದ್ದವರು ಅವನ ಹೆಂಡತಿ, ಕಿರಿಯ ಮಗ, ಮತ್ತು ಹಿರಿಯ ಮಗನ ವಿಧವೆ. ಮುದುಕನನ್ನು ಅದೇ ದಿನ ಸುಟ್ಟರು. ಎರಡು ದಿನ ಬಿಟ್ಟು ಕಿರಿಯ ಮಗ ಬಂದು ಫಿರ್ಯಾದಿ ಕೊಟ್ಟ: ಅತ್ತಿಗೆ ಒನಕೆಯಿಂದ ಅಪ್ಪನ ಎದೆಗೆ ಹೊಡೆದು ಕೊಂದಳು. ಆ ಹೆಣ್ಣುಮಗಳು ಹೊಲದಲ್ಲಿ ಗಂಡನ ಪಾಲು ಕೇಳುತ್ತಿದ್ದಳು ಎಂಬುದು ಆಮೇಲೆ ತಿಳಿದ ಮಾತು. ಹೆಣ ಬೂದಿಯಾಗಿತ್ತು, ಪರೀಕ್ಷೆ ಮಾಡಲು ಏನೂ ಉಳಿದಿರಲಿಲ್ಲ. ಉಳಿದದ್ದು ಮುದುಕಿಯ ಮಾತೊಂದೇ.

ಮುದುಕಿಯ ಹೇಳಿಕೆ ತೆಗೆದುಕೊಂಡ ದಿನ ಅಣ್ಣಾರು ರಜೆಯಲ್ಲಿದ್ದರು. ಬರೆದುಕೊಂಡವನು ನಾನು. ಮೇಲಿನ ಪ್ರಾಂತದ ಸಾಹೇಬರು ಮರಾಠಿ ಪರೀಕ್ಷೆ ಪಾಸಾಗಿ ಬಂದವರು, ಕನ್ನಡ ಬಾರದು. ಆದ್ದರಿಂದ ನೇರ ಮರಾಠಿಯಲ್ಲೇ ಬರೆ ಎಂದು ಸಿರಸ್ತೇದಾರರ ಅಪ್ಪಣೆ. ನಾನು ಹುಕ್ಕೇರಿಯ ಪೇಟೆಯ ಮನೆತನದವನು, ಸಾಲಿಯಲ್ಲಿ ಮರಾಠಿ ಕಲಿತವನು, ಕಲಿತದ್ದರ ಬಗ್ಗೆ ಜಂಬ ಬೇರೆ. ಮುದುಕಿ ಅಳುತ್ತ, "ಸೊಸಿಯಿಂದ ಎದಿ ಒಡದು ಸತ್ತಾನ್ರಿ ನನ್ನ ಗಂಡ" ಎಂದಳು. ನಾನು ಬರೆದೆ: ಸೊಸೆಯು ಛಾತಿ ‘ಫೋಡಲ್ಯಾಮುಳೇ’ ಸತ್ತನು.

ಕನ್ನಡದಲ್ಲಿ ಗಡಿಗೆ ತಾನೇ ಒಡೆದರೂ ‘ಒಡೆದು’, ಯಾರಾದರೂ ಒಡೆದರೂ ‘ಒಡೆದು’. ಮರಾಠಿಯಲ್ಲಿ ಹಾಗಲ್ಲ. ತಾನಾಗಿ ಒಡೆದರೆ ‘ಫುಟಣೆ’, ಇನ್ನೊಬ್ಬರು ಒಡೆದರೆ ‘ಫೋಡಣೆ’. ಮೇಲಾಗಿ ಛಾತಿ ಎಂದರೆ ಎಲುಬಿನ ಗೂಡು. ದುಃಖ ಇರುವ ಎದೆ ಅದಲ್ಲ. ಒಂದು ಸಾಲಿನಲ್ಲಿ ನಾನು ಎರಡು ತಪ್ಪು ಮಾಡಿದ್ದೆ. ಮುದುಕಿಗೆ ಓದಿ ಹೇಳಲೂ ಇಲ್ಲ. ಓದಿದ್ದರೂ ಅವಳಿಗೆ ತಿಳಿಯುತ್ತಿರಲಿಲ್ಲ. ಹೆಬ್ಬೆಟ್ಟು ಒತ್ತಿಸಿಕೊಂಡೆ. ಸೊಸೆಯನ್ನು ಹಿಡಿದು ತಂದರು.

ಹದಿನೈದು ದಿನದ ಮೇಲೆ ಪ್ರಾಂತದ ಸಾಹೇಬರು ಹುಕ್ಕೇರಿಯ ಹೊರಗೆ ಡೇರೆ ಹಾಕಿ ವಿಚಾರಣೆಗೆ ಕೂತರು. ಇಂಗ್ಲಿಷರ ತರುಣ, ಜಿಲ್ಲೆಗೆ ಹೊಸಬ. ಅವರು ಕಾಗದ ನೋಡಿ ಒಪ್ಪಿದರೆ ಹೆಂಗಸು ಬೆಳಗಾವಿಯ ದೊಡ್ಡ ಕೋರ್ಟಿಗೆ, ಖೂನಿ ಖಟ್ಲೆಗೆ. ಮೇಜಿನ ಮೇಲೆ ಚೀಟಿ ಕಟ್ಟಿದ ಒನಕೆ ಇತ್ತು. ಸೊಸೆ ಒಂದು ಮೂಲೆಯಲ್ಲಿ ಸೆರಗನ್ನು ಹಲ್ಲಿನಲ್ಲಿ ಕಚ್ಚಿ ನಿಂತಿದ್ದಳು. ಸಿರಸ್ತೇದಾರರು ಅಣ್ಣಾರ ಕೈಗೆ ನನ್ನ ಕಾಗದ ಕೊಟ್ಟು, ಮುದುಕಿಗೆ ‘ಇದು ನಿನ್ನ ಹೇಳಿಕೆ ಹೌದೋ ಅಲ್ಲೋ’ ಎಂದಷ್ಟು ಕೇಳು, ಹೌದು ಎನ್ನಿಸು, ಮುಗಿಯಿತು ಎಂದರು. ಅಣ್ಣಾರು ಒಮ್ಮೆ ಓದಿದರು. ಮತ್ತೊಮ್ಮೆ ಓದಿದರು. ಆಮೇಲೆ ಕಾಗದವನ್ನು ತಿರುವಿ ಮೇಜಿನ ಮೇಲೆ ಬೋರಲಾಗಿ ಇಟ್ಟರು.

ಇದನ್ನು ನಾನು ಕೇಳುವುದಿಲ್ಲ ಎಂದರು. ಸಾಹೇಬರ ಪ್ರಶ್ನೆ ಇದ್ದರೆ ಕೇಳುತ್ತೇನೆ, ಮುದುಕಿಯ ಉತ್ತರವಿದ್ದರೆ ಹೇಳುತ್ತೇನೆ. ಆಡದ ಮಾತಿಗೆ ಹೌದು ಅನ್ನಿಸುವುದು ನನ್ನ ಕೆಲಸವಲ್ಲ. ಸಿರಸ್ತೇದಾರರ ಮುಖ ಕೆಂಪಾಯಿತು. ನೀನು ಪ್ರಮಾಣ ಮಾಡಿದ ನೌಕರ ಎಂದು ಮೆಲ್ಲಗೆ ಗದರಿಸಿದರು.

"ನಾ ಪ್ರಮಾಣ ಮಾಡಿದ್ದು ಕಾಗದಕ್ಕಲ್ರಿ," ಎಂದರು ಅಣ್ಣಾರು, ಮೆಲ್ಲಗಲ್ಲ. "ಬಾಯಿಗೆ ಮಾಡೇನಿ. ಆ ಮುದುಕಿ ಬಾಯಿ ಇಲ್ಲೇ ಕುಂತೈತಿ. ಅದನ್ನ ಕೇಳ್ರಿ."

ಸಾಹೇಬರಿಗೆ ಏನೋ ತಪ್ಪಿದೆ ಎಂದು ತಿಳಿಯಿತು. ಏನೆಂದು ಕೇಳಿದರು. ಅಣ್ಣಾರು ತಮ್ಮ ನಿಘಂಟಿನ ಇಂಗ್ಲಿಷಿನಲ್ಲಿ, ತಡೆ ತಡೆದು, ಆದರೆ ಒಂದು ಶಬ್ದವನ್ನೂ ನುಂಗದೆ ಹೇಳಿದರು. ಕನ್ನಡದ ಎದೆ ಎಲುಬೂ ಹೌದು, ಎಲುಬಿನೊಳಗಿನ ಸಂಕಟವೂ ಹೌದು. ಯಾವುದೆಂದು ಆಡಿದವರನ್ನೇ ಕೇಳಬೇಕು. ನೀವು ಪಾಠ ಕಲಿಯುವುದು ‘ಬೈ ಹಾರ್ಟ್’, ಎಂದರೆ ಹಾರ್ಟಿನಿಂದ, ನಾವು ಅದೇ ಪಾಠವನ್ನು ಬಾಯಿಪಾಠ ಅನ್ನುತ್ತೇವೆ, ಹಾಗೆಂದು ನಮ್ಮ ಮಕ್ಕಳ ಹೃದಯ ಬಾಯಲ್ಲಿ ಇದೆಯೇನು? ಸಾಹೇಬರು, ಕೇಳಿದ್ದಕ್ಕಷ್ಟೇ ಉತ್ತರ ಹೇಳು ಎಂದು ಮೇಜು ಕುಟ್ಟಿದರು. ಅಣ್ಣಾರು ನಿಲ್ಲಿಸಲಿಲ್ಲ. ನಿಮ್ಮ ದೇಶದಲ್ಲಿ ಮಗನನ್ನು ಕಳೆದುಕೊಂಡವನೊಬ್ಬ ತನ್ನ ಹಾರ್ಟು ಒಡೆಯಿತು ಎಂದರೆ, ಒಡೆದ ಬಡಿಗೆ ಎಲ್ಲಿದೆ ಎಂದು ಹುಡುಕಲು ಪೊಲೀಸರನ್ನು ಕಳಿಸುತ್ತೀರೇನು ಎಂದು ಕೇಳಿ, ಒನಕೆಯ ಕಡೆ ಬೆರಳು ಮಾಡಿದರು.

ಈ ಮನುಷ್ಯ ಹೋದ ಎಂದುಕೊಂಡೆ. ಸಾಹೇಬರು ಒನಕೆಯನ್ನು ಮೇಜಿನ ಅಂಚಿಗೆ ಸರಿಸಿದರು. ಆಮೇಲೆ, ಹಾಗಾದರೆ ಕೇಳು, ಅವಳು ಹೇಳಿದ್ದನ್ನು ಹೇಳಿದ ಹಾಗೇ ಹೇಳು ಎಂದರು.

ಅಣ್ಣಾರು ಮುದುಕಿಯ ಮುಂದೆ ನೆಲದ ಮೇಲೆ ಕೂತರು. ಇದೂ ಕಚೇರಿಯ ರೀತಿಯಲ್ಲ.

"ಯವ್ವಾ, ನಿನ್ನ ಗಂಡನ ಎದಿ ಹೆಂಗ ಒಡೀತು?"

"ಮಾತಿಗ್ರಿ," ಎಂದಳು ಮುದುಕಿ. "ನನ್ನ ಹಿರೀ ಮಗಾ ತುಂಬಿದ ಹೊಳಿಗೆ ಎತ್ತ ಇಳಿಸಿ ಸತ್ತ. ಇಳಿ ಅಂದಾಂವ ಅಪ್ಪ. ಯಾರೂ ಅದನ್ನ ಬಾಯಿ ಬಿಟ್ಟು ಅಂದಿರಲಿಲ್ಲ. ಅವತ್ತ ಸೊಸಿ ಅಂದಬಿಟ್ಲು. ನೀವ ಮುಳಗಿಸಿದ್ರಿ ಅಂದ್ಲು. ಅಂವ ಎದಿ ಹಿಡಕೊಂಡ ಕುಂತ. ಮತ್ತ ಏಳಲಿಲ್ಲ."

"ಸೊಸಿ ಮೈ ಮುಟ್ಟಿದ್ಲೇನು?"

"ಮುಟ್ಟಿದ್ಲಲ್ರಿ. ನೀರ ಕುಡಸಾಕ."

ಅಣ್ಣಾರು ಇದನ್ನು ಮರಾಠಿಯಲ್ಲಿ ಹೇಳಿದರು, ಇಂಗ್ಲಿಷಿನಲ್ಲೂ ಹೇಳಿದರು. ಮುದುಕಿಯ ಮಾತನ್ನು ಕನ್ನಡ ಅಕ್ಷರದಲ್ಲೇ ದಾಖಲೆಯಲ್ಲಿ ಬರೆಯಬೇಕೆಂದು ಹಟ ಹಿಡಿದರು; ಬರೆಸಿದರು. ಮೂಲೆಯಲ್ಲಿ ನಿಂತಿದ್ದ ಸೊಸೆ ಅಲ್ಲಿಯೇ ಕುಸಿದು ಕೂತು ಅಳತೊಡಗಿದಳು. ಅದುವರೆಗೆ ಅವಳು ಅತ್ತಿರಲಿಲ್ಲ.

ಸಾಹೇಬರು ಮೊದಲಿನ ಕಾಗದವನ್ನು ಎತ್ತಿ, ಇದನ್ನು ಬರೆದವರು ಯಾರು ಎಂದು ಕೇಳಿದರು. ನಾನು ಎರಡು ಮಾರು ದೂರದಲ್ಲಿ ನಿಂತಿದ್ದೆ. ಬಾಯಿ ತೆರೆಯಲಿಲ್ಲ. ಸಿರಸ್ತೇದಾರರೂ ತೆರೆಯಲಿಲ್ಲ. ಅಣ್ಣಾರು ನನ್ನ ಕಡೆ ತಿರುಗಿಯೂ ನೋಡದೆ, ಬರೆದವರು ತಮಗೆ ತಿಳಿದಷ್ಟು ಬರೆದಿದ್ದಾರೆ ಎಂದರು. ಹೆಂಗಸನ್ನು ಬಿಟ್ಟರು. ಮುದುಕಿ ಡೇರೆಯಿಂದ ಹೊರಗೆ ಬಂದವಳು ಮಗನ ಬಂಡಿ ಹತ್ತಲಿಲ್ಲ. ಸೊಸೆಯ ಕೈ ಹಿಡಿದು ಘೋಡಗೇರಿಯ ದಾರಿಯಲ್ಲಿ ನಡೆದು ಹೋದಳು. ಆಮೇಲೆ ಅವರಿಬ್ಬರೂ ಬೇರೆ ಒಲೆ ಹೂಡಿ ಕಡೆತನಕ ಒಟ್ಟಿಗೇ ಇದ್ದರೆಂದು ಕೇಳಿದ್ದೇನೆ.

ಖಟ್ಲೆ ಗೆದ್ದದ್ದು ಹೌದು, ಆದರೆ ಕಚೇರಿ ಅದನ್ನು ಮರೆಯಲಿಲ್ಲ. ಮೇಲಧಿಕಾರಿಯ ಅಪ್ಪಣೆ ಮೀರಿದ್ದು, ತುಂಬಿದ ವಿಚಾರಣೆಯಲ್ಲಿ ಉದ್ಧಟತನ ಮಾಡಿದ್ದು ಎಂದು ಅವರ ಮೇಲೆ ಎರಡು ಆರೋಪ ಬಂದವು. ಕ್ಷಮಾಪಣೆ ಬರೆದುಕೊಟ್ಟರೆ ಕೆಲಸ ಉಳಿಯುತ್ತದೆ ಎಂದರು. ಬರೆಯುವ ಶ್ರಮವೂ ಬೇಡವೆಂದು ಸಿರಸ್ತೇದಾರರೇ ಮರಾಠಿಯಲ್ಲಿ ಕರಡು ಮಾಡಿಸಿ ಕಳಿಸಿದರು. ಸಹಿ ಹಾಕಿಸಿಕೊಂಡು ಬರಲು ನನ್ನನ್ನೇ ಕಳಿಸಿದರು. ‘ನಡೆದುದಕ್ಕೆ ದಿಲಗಿರಿ ವ್ಯಕ್ತಪಡಿಸುತ್ತೇನೆ’ ಎಂದು ಅದರ ಕೊನೆಯ ಸಾಲು.

ಅಣ್ಣಾರು ಅಂಗಳದಲ್ಲಿ ಕೂತು ಓದಿದರು. ಸಹಿ ಮಾಡಿ ಎಂದು ನಾನು ಬೇಡಿಕೊಂಡೆ. ದಿಲಗಿರಿ ಎಂದರೆ ವಿಷಾದ, ಅಷ್ಟೇ, ಒಂದು ಶಬ್ದದಲ್ಲಿ ಏನಿದೆ, ಎಲ್ಲರೂ ಬರೆಯುತ್ತಾರೆ ಎಂದೆ.

"ಇದು ಪಾರ್ಸಿ ಶಬ್ದ, ತಮ್ಮಾ. ದಿಲ್ ಅಂದ್ರ ಎದಿ, ಗೀರ್ ಅಂದ್ರ ಹಿಡದದ್ದು. ನನ್ನ ಎದಿ ಹಿಡಕೊಂಡೈತಿ ಅಂತ ನನ್ನ ಕೈಲೆ ಬರಸ್ತಾರ. ನನ್ನ ಎದಿ ಎಲ್ಲೂ ಹಿಡಕೊಂಡಿಲ್ಲ. ಹೂವಿನಂಗ ಹಗೂರ ಐತಿ. ಮಂದಿ ಮಾತ ಸುಳ್ಳ ಮಾಡಾಕ ಒಪ್ಪದಾಂವ ನನ್ನ ಮಾತ ಹೆಂಗ ಸುಳ್ಳ ಮಾಡ್ಲಿ?"

ಕರಡಿನ ಕೆಳಗೆ ಕನ್ನಡದಲ್ಲಿ ಒಂದು ಸಾಲು ಬರೆದರು: ‘ಹೇಳಿದ್ದು ಖರೆ. ದಿಲಗಿರಿ ಇಲ್ಲ.’ ಅದಕ್ಕೆ ಸಹಿ ಹಾಕಿ ಕೊಟ್ಟರು. ವಾರದೊಳಗೆ ಕೆಲಸ ಹೋಯಿತು. ಸಹಿ ಹಾಕಿದ ಆ ದಿನ ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ, ಇಷ್ಟು ದಿನ ಕಂಡವರ ಮಾತು ಆಡಿದಿರಿ, ಇನ್ನಾದರೂ ಮನೆಯಲ್ಲಿ ನಿಮ್ಮ ಮಾತು ನಾಲ್ಕು ಆಡಿ ಎಂದಷ್ಟೇ ಅಂದು ಒಳಗೆ ಹೋದರು.

ಅವರು ಮೂಡಲಗಿಗೆ ಹೋಗಿ ಅರ್ಜಿ ಬರೆಯುವ ಕಸುಬು ಹಿಡಿದರು. ಒಳ್ಳೆಯ ಗಿರಾಕಿ ಇತ್ತು, ಆದರೆ ಬೇಗ ಮುಗಿಸುವವರಲ್ಲ. ಬರೆದದ್ದನ್ನು ಓದಿ ಹೇಳುವರು. ‘ಇದು ನೀ ಆಡಿದ್ದೇನು?’ ಎಂದು ಕೇಳುವರು. ಅವನು ಅನುಮಾನಿಸಿದರೆ ಕಾಗದ ಹರಿದು ಹೊಸದಾಗಿ ಶುರು. ನಾನು ವರ್ಷಕ್ಕೊಂದೆರಡು ಸಲ ಹೋಗಿ ಭೆಟ್ಟಿಯಾಗುತ್ತಿದ್ದೆ. ಅವರು ಚಹ ತರಿಸುವರು, ಹೊಸದಾಗಿ ಸಿಕ್ಕ ಶಬ್ದ ಹೇಳುವರು. ಡೇರೆಯ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಪ್ರತಿ ಸಲ ಮರಳಿ ಬರುವಾಗ ಮುಂದಿನ ಸಲ ಹೇಳಬೇಕು ಎಂದುಕೊಳ್ಳುತ್ತಿದ್ದೆ. ಹೀಗೆ ಸುಮಾರು ಇಪ್ಪತ್ತು ವರ್ಷ ಹೋದವು.

ಈ ಎರಡನೆಯ ಯುದ್ಧ ಶುರುವಾದ ಮೇಲೆ ಅವರಿಗೆ ಆರೋಗ್ಯ ಕೆಟ್ಟಿತು. ಗೋಕಾಕದ ಡಾಕ್ಟರು ಪರೀಕ್ಷೆ ಮಾಡಿ, ಹಾರ್ಟು ವೀಕಾಗಿದೆ ಎಂದರಂತೆ. ಇವರು, ಯಾವ ಭಾಷೆಯಲ್ಲಿ ಎಂದು ಕೇಳಿದರಂತೆ. ಡಾಕ್ಟರಿಗೆ ತಿಳಿಯಲಿಲ್ಲ. ಇಂಗ್ಲಿಷಿನ ಹಾರ್ಟು ವೀಕಾಗಿದ್ದರೆ ಔಷಧ ಕೊಡಿ, ಕನ್ನಡದ ಗುಂಡಿಗೆ ಗಟ್ಟಿ ಇದೆ, ಅದರ ಗೊಡವೆ ಬೇಡ ಎಂದು ಹೇಳಿ ಬಂದಿದ್ದರು.

ಕಳೆದ ದೀಪಾವಳಿ ಮುಗಿದ ಮೇಲೆ ಹೋದಾಗ ಅವರು ಹಾಸಿಗೆಯಲ್ಲಿದ್ದರು. ಇನ್ನು ಮುಂದಿನ ಸಲ ಎಂಬುದು ಇರಲಿಕ್ಕಿಲ್ಲ ಎನ್ನಿಸಿತು. ಆ ಕಾಗದ ಬರೆದವನು ನಾನು ಎಂದೆ.

ಗೊತ್ತಿತ್ತು ಎಂದರು. ನನ್ನ ‘ಫ’ ಅಕ್ಷರದ ಬಾಲ ಅವರಿಗೆ ಮೊದಲಿನಿಂದ ಗುರುತು. ಮತ್ತೆ ಅಂದೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ನಿನ್ನ ಮಾತನ್ನು ನಾನು ಯಾಕೆ ಆಡಲಿ, ಅದು ನೀನು ಆಡಬೇಕಾದದ್ದು ಎಂದರು. ನನ್ನ ಕಣ್ಣು ತುಂಬಿದವು. ಕ್ಷಮಿಸಿದ್ದೇನೆ ಎನ್ನುತ್ತಾರೆ, ಬೆನ್ನ ಮೇಲೆ ಕೈಯಾಡಿಸುತ್ತಾರೆ ಎಂದು ಕಾದೆ. ಅವರು ಎದ್ದು ಗೋಡೆಗೆ ಒರಗಿ ಕೂತರು.

"ನನಗ ಹೇಳಿದ್ರ ಏನ ಬಂತು? ಆ ಕಾಗದ ಇನ್ನೂ ಕಚೇರ್‍ಯಾಗ ಐತಿ. ಆ ಹೆಣ್ಣಮಗಳು ಖೂನಿ ಮಾಡ್ಯಾಳಂತ ಅದರಾಗ ಇನ್ನೂ ಐತಿ. ಅದು ತಪ್ಪು, ನಾ ಬರದದ್ದು ಅಂತ ಅವರಿಗೆ ಬರಿ. ಈಗ ಬರಿ, ನನ್ನ ಮುಂದ."

ನಾನಿನ್ನೂ ನೌಕರಿಯಲ್ಲಿದ್ದೆ. ಬಡ್ತಿಯ ಮಾತು ನಡೆದಿತ್ತು. ಅದನ್ನೂ ಹೇಳಿದೆ. ಅವರು ಮಸಿಯ ಕುಡಿಕೆಯನ್ನು ನನ್ನ ಕಡೆ ಸರಿಸಿದರು. ಬರೆದೆ, ಕನ್ನಡದಲ್ಲಿ. ಓದಿ ಹೇಳು ಎಂದರು, ಓದಿದೆ. ‘ತಪ್ಪಾಗಿರಬಹುದು’ ಎಂದು ಬರೆದಿದ್ದ ಕಡೆ ತಡೆದು, ಆಯಿತೋ ಆಗಿರಬಹುದೋ ಎಂದು ಕೇಳಿದರು. ತಿದ್ದಿದೆ. ಆ ಕಾಗದದಿಂದ ನನಗೆ ಬಡ್ತಿ ತಪ್ಪಿತು, ಒಂದು ಖಾರವಾದ ಉತ್ತರ ಬಂತು. ಆ ಉತ್ತರದ ಕೊನೆಗೆ, ಸದರಿ ಪತ್ರವನ್ನು ಮೂಲ ಹೇಳಿಕೆಯ ಜೊತೆ ಸೇರಿಸಿ ಹೊಲಿಯಲಾಗಿದೆ ಎಂದಿತ್ತು. ಅದನ್ನು ಅವರಿಗೆ ಬರೆದು ತಿಳಿಸಿದೆ. ಮುಟ್ಟಿತೋ ಇಲ್ಲವೋ ಗೊತ್ತಿಲ್ಲ.

ಆದರೆ ಅಂದು ಪಾಕೀಟು ಅಂಟಿಸಿ ನಾನು ಹೊರಟಾಗ ಅವರೂ ಎದ್ದರು. ಡಾಕ್ಟರು ಓಡಾಡಬಾರದು ಎಂದಿದ್ದಾರೆ ಎಂದು ಮನೆಯವರು ಕೂಗಿಕೊಂಡರು. ಕೇಳಲಿಲ್ಲ. ರುಮಾಲು ಸುತ್ತಿಕೊಂಡು, ನನ್ನ ತೋಳಿಗೆ ಕೈ ಹಾಕಿ, ಅಂಚೆಯ ಡಬ್ಬಿಯ ತನಕ ನಾಲ್ಕು ಕಡೆ ನಿಂತು ನಿಂತು ನಡೆದರು. ನಾನು ಪಾಕೀಟು ಒಳಗೆ ಬಿಟ್ಟೆ.

"ಬಿತ್ತೇನು?" ಎಂದರು.

ಬಿತ್ತು ಎಂದೆ.

"ಸಪ್ಪಳ ಕೇಳಿಸ್ಲಿಲ್ಲ. ಕೈ ಹಾಕಿ ನೋಡು."

ಇಡೀ ಪೇಟೆ ನೋಡುತ್ತಿತ್ತು. ನಾನು ಡಬ್ಬಿಯ ಬಾಯಿಗೆ ಬೆರಳು ತೂರಿಸಿ, ತಡಕಾಡಿ, ಎಲ್ಲೂ ಸಿಕ್ಕಿಕೊಂಡಿಲ್ಲ, ಬಿದ್ದಿದೆ ಎಂದೆ. ಆಗಲೇ ಅವರು ಮನೆಯ ಕಡೆ ತಿರುಗಿದ್ದು.